ಗೋಡೆಗೆ ಹೇಳಿದ ಮಾತು

ದಕ್ಕೆಯ ಐಸ್ ಫ್ಯಾಕ್ಟರಿಯ ತಾರಸಿಯಲ್ಲಿ
ಒಂದೇ ಹಲಗೆಗೆ ಅರವತ್ತನಾಲ್ಕು ಆಂಟೆನಾ,
ಚೆನ್ನೆಮಣೆಯ ಗುಳಿಗಳಿಗಿಂತ ಒತ್ತೊತ್ತಾಗಿ.
ಹೊಳೆಯಾಚೆ, ಬೆಂಗ್ರೆ ಕಡವಿನ ದೋಣಿಯಲ್ಲಿ
ಪರೀಕ್ಷೆಯ ಫೋನು ಹಿಡಿದು ಕೂತಿದ್ದಾನೆ ಹಸನಬ್ಬ.
"ಬಂತಾ?"
"ಬಂತು."
"ಈಗ?"
"ಹೋಯ್ತು ಮಾರಾಯ್ರೆ."

ನಾನು ಕಳಿಸಿದ್ದು ಒಂದು. ಅವನಿಗೆ ಮುಟ್ಟಿದ್ದು ನಾಲ್ಕು:
ಒಂದು ನೇರ, ಒಂದು ಹೊಳೆನೀರಿಗೆ ಉಜ್ಜಿ,
ಒಂದು ಮುಚ್ಚಿದ ಹಂಚಿನ ಕಾರ್ಖಾನೆಯ ಚಿಮಣಿಗೆ ಬಡಿದು,
ಇನ್ನೊಂದು ಟ್ರಾಲ್‌ಬೋಟಿನ ತುಕ್ಕು ಸವರಿಕೊಂಡು.
ಹಿಂದೆಮುಂದೆ ಬಂದು
ಬಾಗಿಲಲ್ಲೇ ಒಂದನ್ನೊಂದು ತುಳಿದು ಸಾಯುತ್ತವೆ.

ಕೆಳಗೆ ಏಲಂ.
ಬಂಗುಡೆ, ಬೂತಾಯಿ, ತುಳು, ಬ್ಯಾರಿ, ಕೊಂಕಣಿ
ಎಲ್ಲಕ್ಕೂ ಇರುವುದು ಅದೊಂದೇ ಗಾಳಿ.
ನಡುವೆ ಅಪ್ಪಿ ಮೆಂಡನ್. ಏಳನೆಯ ವರ್ಷದ ಜ್ವರಕ್ಕೆ
ಎಡಗಿವಿ ಕೊಟ್ಟವಳು. ಸದ್ದುಂಟು, ದಿಕ್ಕಿಲ್ಲ.
"ಎಲ್ಲ ಒಟ್ಟಿಗೆ ಬೆಂದ ಗಂಜಿ" ಅನ್ನುತ್ತಾಳೆ.
ಅದಕ್ಕೇ ಎಡಕ್ಕೆ ಯಾವಾಗಲೂ ತಂಗಿಯ ಮಗಳು ವನಿತಾ:
"ಮುನ್ನೂರ ಹತ್ತು, ಕಂಬದ ಹತ್ತಿರದವರು.
ಮುನ್ನೂರ ಇಪ್ಪತ್ತು, ಲಾರಿಯ ಕಡೆ."
ಇಬ್ಬರಲ್ಲಿ ಮೂರು ಕಿವಿ.
ಗಂಜಿಯಿಂದ ಅಗುಳು ಬೇರೆಯಾಗುತ್ತದೆ.

ಚಹಾಕ್ಕೆ ಇಳಿದಾಗ ಕಂಡೆ:
ದೂರದ ಬೋಟಿನವನಿಗೆ ರೇಟು ಹೇಳಲು
ಅಪ್ಪಿಯಕ್ಕ ಅವನ ಕಡೆ ತಿರುಗುವುದೇ ಇಲ್ಲ.
ಮೊದಲು ಅವನೊಂದು "ಓಯ್" ಅನ್ನಬೇಕು,
ಅರ್ಥವಿಲ್ಲದ್ದು, ಎಲ್ಲರಿಗೂ ಗೊತ್ತಿರುವುದು.
ಅದು ಬಂದ ಕಡೆಗೆ ವನಿತಾಳ ಬೆರಳು ಏಳುತ್ತದೆ.
ಅವತ್ತು ಬೆರಳು ತೋರಿಸಿದ್ದು ತಗಡಿನ ಗೋಡೆಯನ್ನು.
ಗೋಡೆಗೇ ಕೂಗಿದಳು ಅಪ್ಪಿಯಕ್ಕ.
ಗೋಡೆ ಅವನಿಗೆ ದಾಟಿಸಿತು.

ನಾನು ಮೂರು ದಿನ ಕೂಡಿಸಿ ಕಳೆದದ್ದು ಇದನ್ನೇ.
ಗೊತ್ತಿರುವ ಒಂದು ಪದ ಆಚೆಯಿಂದ ಬರಲಿ;
ಗಾಳಿ ಅದಕ್ಕೆ ಎಷ್ಟು ಅನ್ಯಾಯ ಮಾಡಿತೆಂದು ಅಳೆದು
ಅಷ್ಟನ್ನೇ ತಿರುವುಮುರುವಾಗಿ
ನಮ್ಮ ಮಾತಿಗೆ ನಾವೇ ಮೊದಲು ಮಾಡಿಬಿಡಬೇಕು.
ಸೊಟ್ಟ ಹೊರಟದ್ದು ನೆಟ್ಟಗೆ ಮುಟ್ಟುತ್ತದೆ.

ಮಧ್ಯಾಹ್ನ ಅರವತ್ತನಾಲ್ಕಕ್ಕೂ ಒಂದೊಂದು ಕೂದಲೆಳೆಯಷ್ಟು
ಬೇರೆ ಬೇರೆ ತಡ ಹಂಚಿದೆ. ನಾಲ್ಕು ದಾರಿಯವೂ
ಒಂದೇ ಹೆಜ್ಜೆಯಲ್ಲಿ ಬಂದು ಹೆಗಲು ಕೊಟ್ಟವು.
"ಉಂಟು," ಅಂದ ಹಸನಬ್ಬ. "ಗಟ್ಟಿ ಉಂಟು."
ಅಷ್ಟರಲ್ಲಿ ಟ್ರಾಲ್‌ಬೋಟು ಅಳಿವೆಯತ್ತ ಹೊರಟಿತು,
ತುಕ್ಕಿನ ದಾರಿಯನ್ನೂ ಕಟ್ಟಿಕೊಂಡು.
ಅಳತೆಯೂ ಮೀನಿನ ಹಾಗೆ,
ಹಿಡಿದ ಗಳಿಗೆಯಿಂದಲೇ ಹಳಸತೊಡಗುತ್ತದೆ.
ಮತ್ತೆ ಓಯ್. ಸೆಕೆಂಡಿಗೆ ನೂರು ಸಲ ಓಯ್.

ಸಂಜೆ ಅಪ್ಪಿಯಕ್ಕ ತಲೆಯೆತ್ತಿ ಕೇಳಿದಳು:
"ನಿಮ್ಮ ಹಲಗೆಗೆ ಎಷ್ಟು ಕಿವಿ?"
ಹೇಳಿದೆ. ಬೆಚ್ಚಲಿಲ್ಲ, ಹುಬ್ಬೂ ಏರಲಿಲ್ಲ.
ಪಕ್ಕಕ್ಕೆ ಅಂಟಿ ನಿಂತ ಹುಡುಗಿಯ ಸೊಂಟಕ್ಕೆ ಮೊಣಕೈ ತಿವಿದು,
"ಆಚೆ ನಿಲ್ಲು ಮಗಾ.
ನನಗೆ ಕೇಳಿದ್ದೇ ನಿನಗೂ ಕೇಳಿದರೆ
ಇಬ್ಬರು ಯಾಕೆ?"

ವನಿತಾ ಎರಡು ಬುಟ್ಟಿಯಷ್ಟು ದೂರ ಸರಿದಳು.