ಬೀದಿಗೆ ಕಾಣದಂತೆ

ಹಾರ್ಟ್ಸ್ ಬೆಟ್ಟದ ಬುಡದ ಈ ಊರಲ್ಲಿ
ಕೆಳಗೆ ನಿಂತು ಮೇಲೆ ನೋಡುವುದು ನನ್ನ ಕೆಲಸ.
ಹೆಸರು ಓಟ್ಮಾರ್ ಗ್ರೀಪ್. ಹಳೆ ಕಟ್ಟಡಗಳ ಕಚೇರಿ,
ಎರಡನೇ ಮಹಡಿ, ಕೊನೆಯ ಮೇಜು.

ಇವತ್ತಿನ ಅರ್ಜಿ: ಲುಡ್ಮಿಲ್ಲಾ ಟೀಮೆ, ಬ್ರೆಡ್ಡು ಸುಟ್ಟು ಮಾರುವವಳು.
ಚರ್ಮ ಹದಮಾಡುವವರ ಓಣಿ, ಮನೆ ಹನ್ನೆರಡು.
ಕಟ್ಟಿದ ವರ್ಷ ತೊಲೆಯ ಮೇಲೇ ಕೆತ್ತಿದೆ,
ಸಾವಿರದ ಆರುನೂರ ಹನ್ನೊಂದು.
ಪಕ್ಕದಲ್ಲಿ ಬಡಗಿಯ ಪ್ರಾರ್ಥನೆ:
ದೇವರೇ, ಬೆಂಕಿಯಿಂದ ಕಾಪಾಡು.
ಅದರ ಕೆಳಗೇ ನಾನೂರು ವರ್ಷ ಒಲೆ ಉರಿದಿದೆ.
ದೇವರು ಇಬ್ಬರ ಮಾತನ್ನೂ ನಡೆಸಿಕೊಟ್ಟಿದ್ದಾನೆ.

ಅವಳು ಕೇಳುವುದು ಹದಿನಾಲ್ಕು ಸೋಲಾರ್ ಫಲಕ.
ಒಲೆಯ ಕರೆಂಟು ಬಿಲ್ಲನ್ನೂ ಪಿನ್ನು ಹಾಕಿ ಲಗತ್ತಿಸಿದ್ದಾಳೆ,
ಅದರ ಮೇಲೊಂದು ಹಿಟ್ಟಿನ ಹೆಬ್ಬೆಟ್ಟು.

ನಿಯಮ ನನಗೆ ಬಾಯಿಪಾಠ.
ಓಣಿಯಿಂದ ಕಾಣಬಾರದು.
ಚೌಕದಿಂದ ಕಾಣಬಾರದು, ಸೇತುವೆಯಿಂದಲೂ.
ಹೊಳೆಯಬಾರದು. ಹೆಂಚಿನ ಬಣ್ಣಕ್ಕೆ ಹೊಂದಬೇಕು.
ಅಂಚಿನಿಂದ ಒಂದು ಮೊಳ ಹಿಂದೆ ಸರಿದಿರಬೇಕು,
ಕರೆಯದೆ ಬಂದ ನೆಂಟ
ಜಗುಲಿಯ ತುದಿಗೆ ಕೂರುವ ಹಾಗೆ.
ತೊಲೆಗೆ ಒಂದು ಮೊಳೆಯೂ ತಾಗಬಾರದು.
ನಾಳೆ ಬಿಚ್ಚಿದರೆ, ಬಂದಿದ್ದೇ ಗೊತ್ತಾಗಬಾರದು.
ಮತ್ತೆ, ಅಟ್ಟದಲ್ಲಿ ಬಾವಲಿ ಮನೆಮಾಡಿದ್ದರೆ
ಮರಿ ಬೆಳೆಸಿ ಹೋಗುವ ತನಕ ಕಾಯಬೇಕು.
ಈ ಒಂದು ನಿಯಮ ಬರೆದವನು ಸಿಕ್ಕರೆ
ನಾನು ಕೈ ಕುಲುಕುತ್ತೇನೆ.

ಒಟ್ಟಿನಲ್ಲಿ,
ಸೂರ್ಯನಿಗೆ ಪೂರ್ತಿ ಕಾಣಬೇಕು,
ಮನುಷ್ಯರಿಗೆ ಒಂಚೂರೂ ಕಾಣಬಾರದು.
ಅಂಥದ್ದು ನಾನು ಬಲ್ಲದ್ದು ಒಂದೇ:
ಆರೂಮುಕ್ಕಾಲು ಅಡಿ ಎತ್ತರದ ನನ್ನಪ್ಪನ ಬೋಳುನೆತ್ತಿ.

ಓಣಿಯಲ್ಲಿ ನಿಂತು ನೋಡಿದೆ. ಇಲ್ಲ.
ಚೌಕದ ನಾಲ್ಕೂ ಮೂಲೆ. ಇಲ್ಲ.
ಸೇತುವೆಯ ಮೇಲೆ ತುದಿಗಾಲಲ್ಲಿ ನಿಂತೆ.
ಲಿಂಡೆನ್ ಮರ ಅಡ್ಡ. ಎಲೆ ಉದುರಿದ ಮೇಲೆ?
'ನವೆಂಬರಿನಲ್ಲಿ ಮತ್ತೆ ನೋಡತಕ್ಕದ್ದು' ಎಂದು ಬರೆದುಕೊಂಡೆ.
'ನವೆಂಬರಿನಲ್ಲಿ ಏನಾದರೂ ಕಾಣುವಷ್ಟು
ಬೆಳಕು ಎಲ್ಲಿರುತ್ತೆ, ಗ್ರೀಪ್ ಅವರೇ?'
ಬೆನ್ನ ಹಿಂದೆ ಅವಳು, ಏಪ್ರನ್ನಿನಲ್ಲೇ ಬಂದಿದ್ದಳು.

ಎದುರುಮನೆಯ ಹುಬರ್ಟುಸ್ ನೋಲ್, ಎಂಬತ್ತೊಂದು,
ಆಕ್ಷೇಪಣೆ ಕೊಟ್ಟಿದ್ದಾನೆ: ಕಣ್ಣು ಕುಕ್ಕುತ್ತದೆ.
ಇನ್ನೂ ಹಾಕಿಯೇ ಇಲ್ಲವಲ್ಲ ಎಂದೆ.
'ನೆನೆಸಿಕೊಂಡರೇ ಕುಕ್ಕುತ್ತದೆ.'

ಸಂಜೆ ನೆಲಮಾಳಿಗೆಗೆ ಇಳಿದೆ.
ಮನೆಯ ಪೂರ್ವಚರಿತ್ರೆ ಲಗತ್ತಿಸಬೇಕು, ಅದೂ ನಿಯಮ.
ಇಲಿ ಕಡಿದ ಅಂಚು, ಕಂದಿದ ಶಾಯಿ,
ಅರ್ಧ ಊರು ಸುಟ್ಟ ಮರುವರ್ಷದ ಆಜ್ಞೆ:
ಹುಲ್ಲಿನ ಸೂರು ಇನ್ನು ಸಲ್ಲದು,
ಸರ್ವರೂ ಹೆಂಚು ಹೊದಿಸತಕ್ಕದ್ದು.
ಅದಕ್ಕೆ ದಾರ ಹಾಕಿ ಕಟ್ಟಿದ ಹದಿನೇಳು ಆಕ್ಷೇಪಣೆ.
ಕೆಂಪು ತೀರಾ ಕೆಂಪು.
ಅಜ್ಜಂದಿರ ಊರಿನ ಮುಖ ಕೆಟ್ಟುಹೋಯಿತು.
ಬಿಸಿಲಿಗೆ ಕಣ್ಣು ಕುಕ್ಕುತ್ತದೆ.
ಕೊನೆಯದಕ್ಕೆ ಸಹಿ ಇಲ್ಲ, ವಿಳಾಸವಿದೆ:
ಚರ್ಮ ಹದಮಾಡುವವರ ಓಣಿ, ಬೇಕರಿಯ ಎದುರುಮನೆ.

ಆ ಹೆಂಚನ್ನೇ ನಾನು ಇಪ್ಪತ್ತಾರು ವರ್ಷದಿಂದ
ಕಾಯುತ್ತಿರುವುದು.

ನಗು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ.
ಆದರೂ ನೋಲ್ ಮುದುಕನನ್ನು ನಗಲಾಗಲಿಲ್ಲ.
ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡ ಊರುಗಳನ್ನೂ ಕಂಡಿದ್ದೇನೆ,
ಅಲ್ಲಿ ತಲೆಯೆತ್ತಿ ನೋಡುವವರೇ ಇಲ್ಲ.

ಹದಿನಾಲ್ಕರಲ್ಲಿ ಹನ್ನೊಂದು ಮಂಜೂರು.
ಹಿತ್ತಲ ಕಡೆಯ ದಕ್ಷಿಣದ ಇಳಿಜಾರು, ಮಾಸಲು ಕೆಂಪು, ಮೊಳೆಯಿಲ್ಲದೆ.
ಠಸ್ಸೆ ಒತ್ತುವ ಹಿಂದಿನ ದಿನ ಅಟ್ಟ ಹತ್ತಿದೆ.
ಟಾರ್ಚು ಹಾಕಿದರೆ, ತೊಲೆಯ ತುಂಬ
ಒಣಗಲು ಹಾಕಿದ ಪುಟ್ಟ ಕೈಗವಸುಗಳ ಹಾಗೆ.

ಬೇಸಿಗೆಯಷ್ಟೂ ಬಾವಲಿಗಳ ಪಾಲಾಯಿತು.

ಜುಲೈ. ಒಂಬತ್ತೂವರೆಗೆ ಕತ್ತಲಾಗುವ ಹೊತ್ತು
ಸೂರಿನ ಸಂದಿಯಿಂದ ಒಂದೊಂದೇ ಉದುರಿ ಹಾರುತ್ತವೆ.
ಲುಡ್ಮಿಲ್ಲಾ ಮೆಟ್ಟಿಲ ಮೇಲೆ ನಿಂತು ಎಣಿಸುತ್ತಾಳೆ,
ಖಾಲಿಯಾಗುವ ದಿನಕ್ಕಾಗಿ.
'ಇವತ್ತು ಮೂವತ್ತೆಂಟು,' ಎಂದಳು.
'ನಲವತ್ತು,' ಎಂದ ನೋಲ್, ರಸ್ತೆ ದಾಟಿ ಬರುತ್ತ,
'ಎರಡು ಮರಿಯನ್ನು ಬಿಟ್ಟಿದ್ದೀ.'
ನನ್ನನ್ನು ಕೇಳಿದರು.
ನಾನೂ ಕತ್ತೆತ್ತಿಯೇ ಇದ್ದೆ,
ಲೆಕ್ಕ ತಪ್ಪಿತ್ತು.