ದೋಣಿಯ ಬಣ್ಣ

ತಿಂಗಳ ಕೊನೆಯ ಶುಕ್ರವಾರ
ನಮ್ಮೂರ ಹಳೇ ಅಗ್ನಿಶಾಮಕ ಠಾಣೆ ಹಾಡಿನ ಮನೆಯಾಗುತ್ತದೆ.
ಬೆಂಕಿಬಂಡಿ ನಿಲ್ಲುತ್ತಿದ್ದಲ್ಲಿ ನಲವತ್ತೆರಡು ಕುರ್ಚಿ,
ಇಗರ್ಜಿಯಿಂದ ಎರವಲು ತಂದವು.
ಒಂದರ ಕಾಲು ಕುಂಟು, ಅದರಲ್ಲಿ ನಾನು ಕೂರುತ್ತೇನೆ.
ಬಾಗಿಲಲ್ಲಿ ಟಿಕೆಟ್ಟು ಹರಿಯುವವನೂ ನಾನೇ:
ತಲೆಗೆ ಐದು ಡಾಲರ್, ಇಲ್ಲವೇ
ಇಲ್ಲದವರ ಕಪಾಟಿಗೆ ಒಂದು ಡಬ್ಬಿ ಬಟಾಣಿ.
ಇವತ್ತು ಬಟಾಣಿಯೇ ಹೆಚ್ಚು.

ಹೊರಗೆ, ಕೂಗಳತೆಯಲ್ಲಿ,
ಗ್ರಾಪ್ನೆಲ್ ಕೊಲ್ಲಿ ಹೆಪ್ಪುಗಟ್ಟಿ ಮಲಗಿದೆ.
ನ್ಯೂಫೌಂಡ್‌ಲ್ಯಾಂಡಿನ ಈ ಮೂಲೆಗೆ
ಮಾರ್ಚ್ ಬಂದದ್ದು ಕ್ಯಾಲೆಂಡರಿನಲ್ಲಿ ಮಾತ್ರ.

ಡಾರ್ಕಸ್ ಟಿಜರ್ಡ್ ಬಂದಳು,
ಹಗಲಿಡೀ ಶಾಲೆಯ ಬಸ್ಸು ಓಡಿಸುವವಳು.
ಗಿಟಾರಿನ ಪೆಟ್ಟಿಗೆ ತೆರೆದರೆ
ಮಕ್ಕಳು ಸೀಟಿನಲ್ಲಿ ಬಿಟ್ಟುಹೋದ
ಒಂಟಿ ಕೈಗವಸು, ಮೂರು.
ಮೈಕು ಕಿರುಚಿತು. ಗುಂಡಿ ತಿರುವಿದೆ.
"ಇದು ಸೈಲಸ್ ಪಾರ್ಡಿಯ ದೋಣಿಯ ಹಾಡು,
ನಾನೇ ಕಟ್ಟಿದ್ದು. ನಾನು ಹುಟ್ಟುವ ಮುಂಚಿನ ಮಾತು,
ಅವರಿವರಿಂದ ಕೇಳಿದ್ದು."

ಗೊತ್ತಿಲ್ಲದವರು ಯಾರು?
ಹನ್ನೊಂದು ವರ್ಷದಿಂದ ಹಾಡುತ್ತಾಳೆ.
ರೇಡಿಯೋದಲ್ಲಿ ಒಮ್ಮೆ ಬಂತು.
ಬಸ್ಸಿನ ಮಕ್ಕಳು ತಿರುವಿನಲ್ಲಿ ವಾಲುತ್ತ ಹಾಡುತ್ತವೆ,
ಮೀನು ಕೊಯ್ಯುವ ಹೆಂಗಸರು ಚಾಕುವಿನ ತಾಳಕ್ಕೆ:

ಹೋಗುವಾಗ ದೋಣಿ ನೀಲಿ,
ಬರುವಾಗ ದೋಣಿ ಖಾಲಿ.

"ನೀಲಿ ಅಲ್ಲ ಮಗಳೇ."

ಗಟ್ಟಿಯಾಗೇನೂ ಅಲ್ಲ,
ಸಾರಿಗೆ ಉಪ್ಪು ಸಾಲದು ಅನ್ನುವ ಹಾಗೆ.
ಮೂರನೇ ಸಾಲು, ಮಿನರ್ವಾ ಪಾರ್ಡಿ,
ಎಂಬತ್ತೆಂಟು, ಒಳಗೆ ಬಂದರೂ ಟೋಪಿ ತೆಗೆಯದವಳು.
ಮೊಣಕಾಲು ನೋವೆಂದು ಇಷ್ಟು ವರ್ಷ ಬಂದವಳಲ್ಲ.
"ಹಳದಿ. ಅಡುಗೆಮನೆ ಬಾಗಿಲಿಗೆ ಬಳಿದು
ಅರ್ಧ ಡಬ್ಬಿ ಉಳಿದಿತ್ತು. ನಾನೇ ಹಚ್ಚಿದೆ.
ಎಡಗಡೆಗೆ ಸಾಲಲಿಲ್ಲ, ಹಾಗೇ ಬಿಟ್ಟೆ.
ಬೈದ."

ಡಾರ್ಕಸಳ ಹೆಬ್ಬೆರಳು ತಂತಿಗಳ ಬಾಯಿ ಮುಚ್ಚಿತು.
ನನ್ನ ಕೈ ಗುಂಡಿಯ ಮೇಲೆ,
ಏರಿಸಲೋ ಇಳಿಸಲೋ ತಿಳಿಯದೆ.
ಆಣೆ ಮಾಡಿ ಹೇಳುತ್ತೇನೆ,
ಆ ದೋಣಿಯನ್ನು ನಾನು ಕಂಡಿದ್ದೆ, ನೀಲಿಯಾಗಿ,
ಮಂಜಿನಿಂದ ಮೂಗು ಹೊರಹಾಕಿ ಬರುತ್ತಿದ್ದದ್ದನ್ನು.
ಕಾಣಲು ನಾನೂ ಆಗ ಹುಟ್ಟಿರಲಿಲ್ಲ.

"ಹಾಡಿಗೆಲ್ಲ ಲೆಕ್ಕ ಕೇಳ್ತಾರಾ?" ಹಿಂದಿನಿಂದ ಯಾರೋ.
ಡಾರ್ಕಸ್ ಮೈಕಿನಲ್ಲೇ ಹೇಳಿದಳು, ಮೆಲ್ಲಗೆ,
"ಹಳದಿಗೆ ಪ್ರಾಸ ಇಲ್ಲ, ಅಜ್ಜಿ."
"ನಾನೇನು ಮಾಡಲಿ?
ಡಬ್ಬಿಯಲ್ಲಿ ಇದ್ದದ್ದು ಅದೇ."

ಯಾರೋ ನಕ್ಕರು. ಮಿನರ್ವಾ ನಗಲಿಲ್ಲ.
ಡಾರ್ಕಸ್ ಒಂದು ತಂತಿಯನ್ನು ಸುಮ್ಮನೆ ಬಿಗಿದಳು,
ಸರಿಯಾಗಿಯೇ ಇದ್ದದ್ದನ್ನು,
ಆಮೇಲೆ ಮೊದಲಿನಿಂದ ಹಿಡಿದಳು:

ಹೋಗುವಾಗ ದೋಣಿ ಹಳದಿ,
ಎಡಗಡೆ ಬರೀ ಮರ,
ಬರುವಾಗ ದೋಣಿ ಖಾಲಿ.

ರೂಢಿಬಿದ್ದ ಬಾಯಿಗಳು ಇಬ್ಬರು ಮೂವರದು
ನೀಲಿ ಎಂದೇಬಿಟ್ಟವು, ನಾಲಿಗೆ ಕಚ್ಚಿಕೊಂಡವು.
ಕೊನೆಯ ಪದ ಜೊತೆಯಿಲ್ಲದೆ ಬಂದು
ಸಭೆಯ ನಡುವೆ ನಿಂತಿತು, ಕೋಟು ಬಿಚ್ಚದೆ.
ಗೋಡೆಯ ಹೀಟರು ಗೊರಗುಟ್ಟಿತು.
ಚಪ್ಪಾಳೆ ಎಲ್ಲಿ ತಟ್ಟಬೇಕೆಂದು
ಯಾರಿಗೂ ಹೊಳೆಯಲಿಲ್ಲ.

ವಿರಾಮದಲ್ಲಿ ಚಹಾ, ಒಣದ್ರಾಕ್ಷಿಯ ಬನ್ನು.
ಮಿನರ್ವಾ ಹಾಡಿನ ಸುದ್ದಿ ಎತ್ತಲಿಲ್ಲ.
ದ್ರಾಕ್ಷಿಗೆ ಜಿಪುಣತನ ಮಾಡಿದ್ದೀರಿ ಎಂದಳು,
ಎರಡು ಬನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು.

ಒಂಬತ್ತೂವರೆಗೆ ಕುರ್ಚಿ ಮಡಚಿದೆ.
ತೊಂಬತ್ತೈದು ಡಾಲರ್, ಇಪ್ಪತ್ತಮೂರು ಡಬ್ಬಿ.
ಕಿಟಕಿಯಾಚೆ ಡಾರ್ಕಸ್
ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಳು,
ತುಟಿ ಅಲ್ಲಾಡುತ್ತಿತ್ತು.
ತನ್ನ ಕಾರು ಕೆಟ್ಟು ವಾರವಾಗಿತ್ತು,
ಶಾಲೆಯ ಬಸ್ಸಿನಲ್ಲೇ ಬಂದಿದ್ದಳು.
ಮಿನರ್ವಾಳನ್ನು ಕೈ ಕೊಟ್ಟು ಹತ್ತಿಸಿ
ಮಕ್ಕಳ ಮುಂದಿನ ಸೀಟಿನಲ್ಲಿ ಕೂರಿಸಿದಳು.

ಬಸ್ಸು ಬೀದಿದೀಪದ ಕೆಳಗೆ ತಿರುಗಿತು.
ಬಣ್ಣ ಕಾಣುವಷ್ಟು ಬೆಳಕಿತ್ತು.
ನಾನು ಬಟಾಣಿ ಡಬ್ಬಿಗಳನ್ನು
ಇನ್ನೊಮ್ಮೆ ಎಣಿಸಿದೆ.