ಅನುಷ್ಠಾನ

ಅನುಷ್ಠಾನ ವಿಜ್ಞಾನ ಓದ್ತಿದೀನಿ ಅಂದೆ.
ಅಜ್ಜಿ ಕೇಳಿದಳು: ಯಾವ ದೇವರದು?
ತಣ್ಣೀರ ಸ್ನಾನ ಇದ್ಯೋ, ಬರೀ ಓದೋ?
ನಕ್ಕುಬಿಟ್ಟೆ. ಆಮೇಲೆ ಲಗ್ಗೆರೆ ಬಸ್ಸಿನಲ್ಲಿ
ಕಂಬಿ ಹಿಡಿದು ಜೋಲುವಾಗ ಅನ್ನಿಸಿತು,
ನಗಬಾರದಿತ್ತು.

ಮೊದಲ ಪಾಠದಲ್ಲಿ ಮೇಷ್ಟ್ರು ಹೇಳಿದ್ದಿಷ್ಟೆ:
ಬಿಪಿ ಗುಳಿಗೆ ಕೆಲಸ ಮಾಡುತ್ತದೆ,
ಅದು ಇತ್ಯರ್ಥವಾದ ಮಾತು, ಮತ್ತೆ ಕೇಳಬೇಡ.
ಕಪಾಟಿನಿಂದ ಗಂಟಲಿಗೆ ಎಷ್ಟು ದೂರ,
ಅಳೆದುಕೊಂಡು ಬಾ.

ಅಳೆಯಲು ನಾನು ಒಯ್ದದ್ದು
ಹದಿನಾಲ್ಕು ಪುಟದ ಪ್ರಶ್ನಾವಳಿ,
ಬಾಣ ಬಾಣವನ್ನೇ ಅಟ್ಟಿಸಿಕೊಂಡು ಹೋಗುವ ಒಂದು ನಕ್ಷೆ,
ಎರಡು ಪೆನ್ನು.

ಆಸ್ಪತ್ರೆಯ ಕಪಾಟಿನಲ್ಲಿ ಗುಳಿಗೆ ಇತ್ತು,
ಸಾಲಾಗಿ, ತಾರೀಖು ಮೀರದೆ.
ದೇವರು ಕೊಟ್ಟರೂ ಪೂಜಾರಿ ಕೊಡ
ಎಂದು ಬರೆದುಕೊಂಡು ತಲೆ ಎತ್ತಿದೆ.
ಫಿಲೋಮಿನಾ ಸಿಸ್ಟರ್‌ಗೆ ಒಂದು ಕೈಲಿ ಲಸಿಕೆ ಡಬ್ಬಿ,
ಇನ್ನೊಂದರಲ್ಲಿ ಮೂರು ರಿಜಿಸ್ಟರು,
ಕಿವಿಗೂ ಭುಜಕ್ಕೂ ನಡುವೆ ಫೋನು.
ಬರೆದದ್ದನ್ನು ಹೊಡೆದುಹಾಕಿದೆ.

ನಾವು ಹಂಚಿದ ಕರಪತ್ರ
ಸರ್ಕಲ್ಲಿನ ಚುರುಮುರಿ ಗಾಡಿಯಲ್ಲಿ ಸಿಕ್ಕಿತು,
ಪೊಟ್ಟಣವಾಗಿ.
‘ಉಪ್ಪು ಕಡಿಮೆ ಮಾಡಿ’ ಎಂಬ ಸಾಲಿಗೇ ಉಪ್ಪು ಅಂಟಿತ್ತು.
ಪ್ರಸರಣ ಅಂದರೆ ಇದೂ ಇರಬಹುದು.
ನಾನೂ ಐದು ರೂಪಾಯಿಯದು ಕಟ್ಟಿಸಿಕೊಂಡೆ.

ಮಧ್ಯಾಹ್ನ ಆಶಾ ಶಾಹಿದಾ ಜೊತೆ ಓಣಿ ಓಣಿ.
ಬಾಗಿಲಿಗೆ ಬೀಗ. ಬಾಗಿಲಿಗೆ ಬೀಗ. ಒಂದು ನಾಯಿ. ಬೀಗ.
ನನ್ನ ನಮೂನೆಯಲ್ಲಿ ಬೀಗಕ್ಕೆ ಕಾಲಮ್ಮಿಲ್ಲ,
‘ನಿರಾಕರಿಸಿದರು’ ಅಂತ ಟಿಕ್ ಹಾಕಲೇ ಎಂದೆ.
ಅವಳು ನನ್ನ ಕೈ ಹಿಡಿದಳು:
ಬೇಡ ಅಂದಿದ್ದು ಯಾರು ಮೇಡಂ?
ಒಂಬತ್ತಕ್ಕೆ ಗಾರ್ಮೆಂಟ್ಸ್ ಗೇಟು ಹಾಕ್ತಾರೆ,
ಒಂಬತ್ತಕ್ಕೇ ನೀವು ಬಾಗಿಲು ತೆಗೀತೀರ.
ನೀವು ಮುಚ್ಚಿದ ಮೇಲೆ ಅವರನ್ನ ಬಿಡ್ತಾರೆ.

ಹದಿನಾಲ್ಕು ಪುಟದಲ್ಲಿ
ಗಡಿಯಾರ ಎಲ್ಲೂ ಇರಲಿಲ್ಲ.

ಆರೂವರೆಗೆ ಪೀಣ್ಯದ ಕಡೆಯಿಂದ ಹೆಂಗಸರ ಹೊಳೆ,
ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಖಾಲಿ ಬುತ್ತಿ,
ತಲೆಗೂದಲಲ್ಲಿ ನೂಲಿನ ಎಳೆ.
ಹುಲಿಗೆಮ್ಮ ದಂಟಿನ ಸೊಪ್ಪು ಆರಿಸುತ್ತಲೇ ಹೇಳಿದಳು:
ಗುಳಿಗಿ ಬ್ಯಾಡ ಅನ್ನಂಗಿಲ್ರಿ,
ಅರ್ಧ ದಿನದ ಪಗಾರ ಹೋಗ್ತದ.
ಈ ಸೊಪ್ಪಿನ ಗಾಡಿಯಾಗ ಇಟ್ರ ತಗೊಂತೀನಿ.

ಗಾಡಿಯಲ್ಲಿಡಲು ಕಾನೂನಿಲ್ಲ.
ಗುರುವಾರ ಸಂಜೆ ಎಂಟರವರೆಗೆ ತೆರೆಯಲು
ಡಾಕ್ಟರು ಒಪ್ಪಿದರು, ಬಾಯಿಮಾತಿನಲ್ಲಿ.
ಮೊದಲ ಗುರುವಾರ ನಾಲ್ಕು ಜನ.
ಎರಡನೆಯದಕ್ಕೆ ಕರೆಂಟು ಹೋಯಿತು.
ಮೂರನೆಯದಕ್ಕೆ ಹನ್ನೊಂದು, ಹುಲಿಗೆಮ್ಮ ಬರಲಿಲ್ಲ.
ಓವರ್‌ಟೈಮ್ ಅಂತೆ.
ನಕ್ಷೆಯ ಹಿಂಬದಿಗೆ ಇದನ್ನೆಲ್ಲ ಬರೆದಿಟ್ಟೆ.

ರಾತ್ರಿ ಅಜ್ಜಿಗೆ ಹನ್ನೊಂದು ಎಂದೆ, ತುಸು ಜಂಬದಿಂದ.
ಬತ್ತಿ ಹೊಸೆಯುತ್ತಿದ್ದವಳು ಕೈ ನಿಲ್ಲಿಸದೆ
ಮುಂದಿನ ವಾರಾನೂ ಉಂಟೇನೇ ಅಂದಳು.
ಸಿಸ್ಟರ್ ಮುಂದಿನ ವಾರ ರಜೆ.
ಕಪಾಟಿನ ಬೀಗದಕೈ
ಯಾರ ಹತ್ತಿರ ಇರುತ್ತದೋ
ಇನ್ನೂ ಕೇಳಿಲ್ಲ.